ನಿಸ್ತಂತು ಜಾಲಗಳಲ್ಲಿ ಆಂಟೆನಾ ವಿನ್ಯಾಸ

ಆಂಟೆನಾ ಎಂಬುದು ತಂತಿಯಲ್ಲಿ ಹರಿಯುವ ಅಧಿಕ ಆವೃತ್ತಿಯ ವಿದ್ಯುತ್ ಸಂಕೇತವನ್ನು ವಿದ್ಯುತ್ಕಾಂತೀಯ ತರಂಗವನ್ನಾಗಿಯೂ, ಎದುರಿನಿಂದ ಬಂದ ತರಂಗವನ್ನು ಮರಳಿ ವಿದ್ಯುತ್ ಸಂಕೇತವನ್ನಾಗಿಯೂ ಮಾರ್ಪಡಿಸುವ ಸಾಧನ. ವೈ-ಫೈ ರೌಟರ್, ಮೊಬೈಲ್ ಫೋನ್, ಮೊಬೈಲ್ ಗೋಪುರ, ಹಳ್ಳಿಗಳಿಗೆ ಅಂತರಜಾಲವನ್ನು ಒಯ್ಯುವ ದೂರಗಾಮಿ ಕೊಂಡಿ ಮೊದಲಾದವುಗಳ ವ್ಯಾಪ್ತಿ, ವೇಗ ಮತ್ತು ವಿಶ್ವಾಸಾರ್ಹತೆ ಬಹುಮಟ್ಟಿಗೆ ಆಂಟೆನಾದ ವಿನ್ಯಾಸವನ್ನು ಅವಲಂಬಿಸಿವೆ. ಆಂಟೆನಾ ತಾನಾಗಿ ಶಕ್ತಿಯನ್ನು ಉತ್ಪಾದಿಸುವುದಿಲ್ಲ. ತನಗೆ ಒದಗಿದ ಶಕ್ತಿ ಯಾವ ದಿಕ್ಕಿಗೆ ಎಷ್ಟು ಹೋಗಬೇಕೆಂಬುದನ್ನು ಮಾತ್ರ ನಿರ್ಧರಿಸುತ್ತದೆ. ಆದ್ದರಿಂದ ಒಂದು ದಿಕ್ಕಿನಲ್ಲಿ ದೊರೆತ ಲಾಭಕ್ಕೆ ಇನ್ನೊಂದು ದಿಕ್ಕಿನಲ್ಲಿ, ಇಲ್ಲವೆ ಗಾತ್ರದಲ್ಲಿ, ಇಲ್ಲವೆ ಬಳಸಬಹುದಾದ ಆವೃತ್ತಿಗಳ ಹರವಿನಲ್ಲಿ ಬೆಲೆ ತೆರಬೇಕಾಗುತ್ತದೆ. ಹೀಗಿದ್ದರೂ ಮನೆಯೊಳಗೆ ಕೆಲವು ಹತ್ತು ಮೀಟರುಗಳಷ್ಟೇ ತಲುಪುವ ಸಾಮಾನ್ಯ ವೈ-ಫೈ ರೇಡಿಯೊ, ತಕ್ಕ ಆಂಟೆನಾ ದೊರೆತಾಗ ಹತ್ತಾರು ಕಿಲೋಮೀಟರ್ ದೂರ ತಲುಪಿರುವ ನಿದರ್ಶನಗಳಿವೆ.

ಹಿನ್ನೆಲೆ

ಜರ್ಮನಿಯ ಭೌತವಿಜ್ಞಾನಿ ಹೈನ್ರಿಚ್ ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ಲೋಹದ ಎರಡು ಸರಳುಗಳ ನಡುವೆ ಕಿಡಿ ಹಾರಿಸಿ ವಿದ್ಯುತ್ಕಾಂತೀಯ ತರಂಗಗಳನ್ನು ಉಂಟುಮಾಡಿದರು. ತಂತಿಯ ಬಳೆಯೊಂದರಿಂದ ಅವನ್ನು ಗ್ರಹಿಸಿ ತೋರಿಸಿದರು. ಇಂದಿನ ರೌಟರಿನ ಕಡ್ಡಿಯೊಳಗಿರುವ ದ್ವಿಧ್ರುವ ಆಂಟೆನಾ ಆ ಎರಡು ಸರಳುಗಳ ನೇರ ವಂಶಜ. 1890ರ ದಶಕದಲ್ಲಿ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು ಮಿಲಿಮೀಟರುಗಳಲ್ಲಿ ಅಳೆಯುವಷ್ಟು ಕಿರಿದಾದ ತರಂಗಗಳ ಮೇಲೆ ಪ್ರಯೋಗ ನಡೆಸಿ, ಅವನ್ನು ಒಟ್ಟುಗೂಡಿಸಲು ಕೊಳವೆಯಾಕಾರದ ಕಹಳೆ ಆಂಟೆನಾವನ್ನು ಬಳಸಿದರು. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಅವರು ಈ ಉಪಕರಣಗಳನ್ನು ಪ್ರದರ್ಶಿಸಿದರು. ಅವರು ಬಳಸಿದ ಆವೃತ್ತಿಗಳತ್ತ ವಾಣಿಜ್ಯ ದೂರಸಂಪರ್ಕ ಹೊರಳಿದ್ದು ಸುಮಾರು ನೂರು ವರ್ಷಗಳ ಅನಂತರ.

1926ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಒಂದೇ ದಿಕ್ಕಿಗೆ ಶಕ್ತಿಯನ್ನು ಕೂಡಿಸುವ, ಹಲವು ಸರಳುಗಳ ಆಂಟೆನಾವನ್ನು ಪ್ರಕಟಪಡಿಸಿದರು. ದೂರದರ್ಶನದ ಕಾಲದಲ್ಲಿ ಮನೆಗಳ ಮಾಡಿನ ಮೇಲೆ ಮೀನಿನ ಮುಳ್ಳಿನಂತೆ ಕಾಣುತ್ತಿದ್ದುದು ಈ ಯಾಗಿ-ಉದಾ ಆಂಟೆನಾವೇ. 1946ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಫ್ರೀಸ್ ಎರಡು ಆಂಟೆನಾಗಳ ನಡುವೆ ಸಾಗುವ ಶಕ್ತಿಯನ್ನು ಲೆಕ್ಕಹಾಕುವ ಸರಳ ಸೂತ್ರವೊಂದನ್ನು ಕೊಟ್ಟರು. ನಿಸ್ತಂತು ಕೊಂಡಿಗಳ ಯೋಜನೆ ಇಂದಿಗೂ ಈ ಸೂತ್ರದಿಂದಲೇ ಆರಂಭವಾಗುತ್ತದೆ.

ಗಾತ್ರ ಮತ್ತು ತರಂಗದೂರ

ಆಂಟೆನಾದ ಅಳತೆಯನ್ನು ನಿರ್ಧರಿಸುವುದು ತರಂಗದೂರ. 2.4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ತರಂಗದೂರ 12.5 ಸೆಂಟಿಮೀಟರ್; ಅದರ ಅರ್ಧದಷ್ಟು, ಅಂದರೆ ಸುಮಾರು 6 ಸೆಂಟಿಮೀಟರ್ ಉದ್ದದ ದ್ವಿಧ್ರುವವು ಆ ಆವೃತ್ತಿಯಲ್ಲಿ ಚೆನ್ನಾಗಿ ಅನುರಣಿಸುತ್ತದೆ. 5.5 ಗಿಗಾಹರ್ಟ್ಸ್‌ನಲ್ಲಿ ಇದು 3 ಸೆಂಟಿಮೀಟರಿಗಿಂತ ಕಡಿಮೆ. 700 ಮೆಗಾಹರ್ಟ್ಸ್‌ನಲ್ಲಿ ಅರ್ಧ ತರಂಗದೂರವೇ 21 ಸೆಂಟಿಮೀಟರ್ ಆಗುವುದರಿಂದ ಅಷ್ಟುದ್ದದ ಆಂಟೆನಾ ಮೊಬೈಲ್ ಫೋನಿನಲ್ಲಿ ಹಿಡಿಸುವುದಿಲ್ಲ.

ಆಂಟೆನಾವನ್ನು ತರಂಗದೂರಕ್ಕಿಂತ ಬಹಳ ಕಿರಿದಾಗಿಸಿದರೆ ಅದು ಕೆಲಸ ಮಾಡುವ ಆವೃತ್ತಿಪಟ್ಟಿ ಕಿರಿದಾಗುತ್ತದೆ, ಇಲ್ಲವೆ ದಕ್ಷತೆ ಕುಸಿಯುತ್ತದೆ. ಇದು ತಯಾರಿಕೆಯ ದೋಷವಲ್ಲ, ಭೌತಶಾಸ್ತ್ರದ ಮಿತಿ, 1948ರಲ್ಲಿ ಎಲ್. ಜೆ. ಚೂ ಇದನ್ನು ಗಣಿತೀಯವಾಗಿ ನಿರೂಪಿಸಿದರು. ಚಿಕ್ಕದು, ದಕ್ಷ, ವಿಶಾಲ ಆವೃತ್ತಿಪಟ್ಟಿಯುಳ್ಳದ್ದು ಎಂಬ ಮೂರು ಗುಣಗಳಲ್ಲಿ ಎರಡನ್ನು ಆರಿಸಿಕೊಂಡರೆ ಮೂರನೆಯದನ್ನು ಬಿಟ್ಟುಕೊಡಬೇಕು.

ಗಳಿಕೆ ಮತ್ತು ವಿಕಿರಣ ಚಿತ್ರಣ

ಎಲ್ಲ ದಿಕ್ಕುಗಳಿಗೂ ಸಮನಾಗಿ ಶಕ್ತಿಯನ್ನು ಹರಡುವ ಕಾಲ್ಪನಿಕ ಆಂಟೆನಾಗೆ ಹೋಲಿಸಿದಾಗ, ಒಂದು ನೈಜ ಆಂಟೆನಾ ತನ್ನ ಮುಖ್ಯ ದಿಕ್ಕಿನಲ್ಲಿ ಎಷ್ಟು ಪಟ್ಟು ಹೆಚ್ಚು ಶಕ್ತಿಯನ್ನು ಕಳುಹಿಸುತ್ತದೆ ಎಂಬುದನ್ನು ಗಳಿಕೆ ಅಥವಾ ಗೇನ್ ಎನ್ನುತ್ತಾರೆ. ಇದರ ಮಾನ ಡಿಬಿಐ. ಡೆಸಿಬಲ್ ಲೆಕ್ಕದಲ್ಲಿ 3ರ ಏರಿಕೆ ಎಂದರೆ ಸರಿಸುಮಾರು ಇಮ್ಮಡಿ, 10ರ ಏರಿಕೆ ಎಂದರೆ ಹತ್ತು ಪಟ್ಟು, 20ರ ಏರಿಕೆ ಎಂದರೆ ನೂರು ಪಟ್ಟು. ಅರ್ಧತರಂಗ ದ್ವಿಧ್ರುವದ ಗಳಿಕೆ 2.15 ಡಿಬಿಐ. ಒಂದು ಆಂಟೆನಾ ಯಾವ ದಿಕ್ಕಿಗೆ ಚೆನ್ನಾಗಿ ಕಳುಹಿಸುತ್ತದೆಯೋ ಆ ದಿಕ್ಕಿನಿಂದಲೇ ಚೆನ್ನಾಗಿ ಗ್ರಹಿಸುತ್ತದೆ; ಆದ್ದರಿಂದ ಗಳಿಕೆಯ ಪ್ರಯೋಜನ ಹೋಗುವ ಮತ್ತು ಬರುವ ಸಂಕೇತಗಳೆರಡಕ್ಕೂ ದೊರೆಯುತ್ತದೆ.

ನೆಟ್ಟಗೆ ನಿಂತ ದ್ವಿಧ್ರುವದ ವಿಕಿರಣ ಚಿತ್ರಣ ಉದ್ದಿನವಡೆಯ ಆಕಾರದಲ್ಲಿರುತ್ತದೆ. ಸುತ್ತಲಿನ ಎಲ್ಲ ದಿಕ್ಕುಗಳಿಗೂ ಶಕ್ತಿ ಸಮನಾಗಿ ಹೋಗುತ್ತದೆ. ಕಡ್ಡಿಯ ತುದಿಯ ನೇರಕ್ಕೆ, ಅಂದರೆ ವಡೆಯ ತೂತಿನ ದಿಕ್ಕಿಗೆ, ಬಹುತೇಕ ಏನೂ ಹೋಗುವುದಿಲ್ಲ. ಇಂತಹ ಹಲವು ಘಟಕಗಳನ್ನು ಒಂದರ ಮೇಲೊಂದು ಜೋಡಿಸಿ ಗಳಿಕೆಯನ್ನು ಹೆಚ್ಚಿಸಿದಾಗ ವಡೆ ಚಪ್ಪಟೆಯಾಗುತ್ತ ರೊಟ್ಟಿಯಂತಾಗುತ್ತದೆ. ಉದಾಹರಣೆಗೆ 12 ಡಿಬಿಐ ಗಳಿಕೆಯ ಸರ್ವದಿಕ್ಕಿನ ಆಂಟೆನಾದ ಲಂಬ ಹರವು ಸುಮಾರು 7 ಡಿಗ್ರಿ ಮಾತ್ರ. ಅದನ್ನು 30 ಮೀಟರ್ ಎತ್ತರದ ಗೋಪುರದ ಮೇಲೆ ನಿಲ್ಲಿಸಿದರೆ, ಮುಖ್ಯ ಕಿರಣಪುಂಜದ ಕೆಳ ಅಂಚು ನೆಲವನ್ನು ಮುಟ್ಟುವುದು ಸುಮಾರು ಅರ್ಧ ಕಿಲೋಮೀಟರ್ ಆಚೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ: ದೂರದ ಊರಿಗೆ ಸಂಕೇತ ಸಿಗುವಾಗ ಗೋಪುರದ ಪಕ್ಕದ ಮನೆಗೆ ಸರಿಯಾಗಿ ಸಿಗದಿರಬಹುದು. ಇದನ್ನು ಸರಿಪಡಿಸಲು ಕಿರಣಪುಂಜವನ್ನು ಕೆಲವು ಡಿಗ್ರಿ ಕೆಳಮುಖವಾಗಿ ಬಾಗಿಸುತ್ತಾರೆ.

ದಿಕ್ಕುಳ್ಳ ಆಂಟೆನಾಗಳಲ್ಲಿ ತಟ್ಟೆ ಆಂಟೆನಾ ಪ್ರಮುಖವಾದುದು. ಇದರ ಗಳಿಕೆ ತಟ್ಟೆಯ ವ್ಯಾಸವನ್ನು ತರಂಗದೂರದಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 60 ಸೆಂಟಿಮೀಟರ್ ವ್ಯಾಸದ ತಟ್ಟೆ 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 21 ಡಿಬಿಐ ಗಳಿಕೆ ಕೊಟ್ಟರೆ, ಅದೇ ತಟ್ಟೆ 5.8 ಗಿಗಾಹರ್ಟ್ಸ್‌ನಲ್ಲಿ ಸುಮಾರು 28 ಡಿಬಿಐ ಕೊಡುತ್ತದೆ. ತೀರ ಕ್ಷೀಣ ಸಂಕೇತಗಳನ್ನು ಗ್ರಹಿಸಬೇಕಾದ ಕಡೆ ತಟ್ಟೆಯನ್ನು ಹಿರಿದಾಗಿಸುವುದು ಒಂದು ಮುಖ್ಯ ದಾರಿ. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಚಂದ್ರಯಾನ-1ಕ್ಕಾಗಿ ಇಸ್ರೋ ಸ್ಥಾಪಿಸಿದ ಆಂಟೆನಾಗಳಲ್ಲಿ ದೊಡ್ಡದರ ವ್ಯಾಸ 32 ಮೀಟರ್ ಇರುವುದಕ್ಕೆ ಕಾರಣವೂ ಇದೇ.

ತಗಡಿನ ಡಬ್ಬಿಯೂ ಆಂಟೆನಾ ಆಗಬಲ್ಲದು. ಒಂದು ತುದಿ ಮುಚ್ಚಿದ, 8ರಿಂದ 9 ಸೆಂಟಿಮೀಟರ್ ವ್ಯಾಸದ ಡಬ್ಬಿಯೊಳಗೆ ಸರಿಯಾದ ಜಾಗದಲ್ಲಿ 3 ಸೆಂಟಿಮೀಟರ್ ತಾಮ್ರದ ಕಡ್ಡಿ ನಿಲ್ಲಿಸಿದರೆ 2.4 ಗಿಗಾಹರ್ಟ್ಸ್‌ನ ತರಂಗಗಳು ಅದರಲ್ಲಿ ಸಾಗುತ್ತವೆ. ವ್ಯಾಸ ಸುಮಾರು 7.3 ಸೆಂಟಿಮೀಟರಿಗಿಂತ ಕಡಿಮೆಯಾದರೆ ಆ ಆವೃತ್ತಿ ಡಬ್ಬಿಯೊಳಗೆ ಹರಿಯುವುದೇ ಇಲ್ಲ. ವಿದ್ಯಾರ್ಥಿಗಳು ಕಡಿಮೆ ಖರ್ಚಿನಲ್ಲಿ ಆಂಟೆನಾ ತತ್ತ್ವವನ್ನು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದು ಕಷ್ಟ.

ಧ್ರುವೀಕರಣ

ತರಂಗದ ವಿದ್ಯುತ್ ಕ್ಷೇತ್ರ ಕಂಪಿಸುವ ದಿಕ್ಕಿಗೆ ಧ್ರುವೀಕರಣ ಎನ್ನುತ್ತಾರೆ. ಒಂದು ತುದಿಯ ಆಂಟೆನಾ ಲಂಬವಾಗಿಯೂ ಇನ್ನೊಂದು ಅಡ್ಡವಾಗಿಯೂ ಇದ್ದರೆ, ಅಡೆತಡೆಯಿಲ್ಲದ ಬಯಲಿನಲ್ಲಿ ಸಂಕೇತ 20 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಕುಸಿಯಬಹುದು. ಮನೆಯೊಳಗೆ ಗೋಡೆಗಳಿಗೆ ಬಡಿದು ಪ್ರತಿಫಲಿಸುವ ತರಂಗಗಳ ಧ್ರುವೀಕರಣ ಕದಡುವುದರಿಂದ ಈ ನಷ್ಟ ಅಷ್ಟಾಗಿ ತೋರುವುದಿಲ್ಲ. ಈ ಗುಣವನ್ನು ಉಪಯೋಗಕ್ಕೂ ತಂದುಕೊಂಡಿದ್ದಾರೆ: ಒಂದೇ ಕಂಬದ ಮೇಲೆ ಲಂಬ ಮತ್ತು ಅಡ್ಡ ಧ್ರುವೀಕರಣದ ಎರಡು ಸಂಕೇತಗಳನ್ನು ಒಟ್ಟಿಗೆ ಕಳುಹಿಸಬಹುದು. ಮೊಬೈಲ್ ಗೋಪುರಗಳ ಉದ್ದನೆಯ ಪೆಟ್ಟಿಗೆಗಳೊಳಗಿನ ಘಟಕಗಳು ಸಾಮಾನ್ಯವಾಗಿ ಎಡಕ್ಕೂ ಬಲಕ್ಕೂ 45 ಡಿಗ್ರಿ ವಾಲಿಕೊಂಡಿರುತ್ತವೆ.

ಇಂಪಿಡೆನ್ಸ್ ಹೊಂದಾಣಿಕೆ ಮತ್ತು ಕೇಬಲ್ ನಷ್ಟ

ರೇಡಿಯೊ, ಕೇಬಲ್ ಮತ್ತು ಆಂಟೆನಾಗಳ ಇಂಪಿಡೆನ್ಸ್ ಒಂದೇ ಆಗಿರಬೇಕು. ನಿಸ್ತಂತು ಜಾಲದ ಉಪಕರಣಗಳಲ್ಲಿ ಇದು ಸಾಮಾನ್ಯವಾಗಿ 50 ಓಮ್. ಹೊಂದಾಣಿಕೆ ತಪ್ಪಿದರೆ ಶಕ್ತಿಯ ಒಂದು ಭಾಗ ಆಂಟೆನಾದಿಂದ ಹಿಂದಿರುಗುತ್ತದೆ. ಸ್ಥಾಯಿ ತರಂಗ ಅನುಪಾತ 2 ಇದ್ದಾಗ ಹಿಂದಿರುಗುವುದು ಸುಮಾರು 11 ಶೇಕಡ, 3 ಇದ್ದಾಗ 25 ಶೇಕಡ. ಮೊದಲನೆಯದು ಸಹನೀಯ ಎಂದೇ ತಂತ್ರಜ್ಞರು ಪರಿಗಣಿಸುತ್ತಾರೆ.

ಕೇಬಲಿನ ನಷ್ಟ ಇದಕ್ಕಿಂತ ಗಂಭೀರವಾದುದು, ಆದರೆ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿದೆ. ಆರ್‌ಜಿ-58 ಎಂಬ ತೆಳುವಾದ ಕೇಬಲಿನಲ್ಲಿ 2.4 ಗಿಗಾಹರ್ಟ್ಸ್ ಸಂಕೇತ ಪ್ರತಿ ಮೀಟರಿಗೆ ಸುಮಾರು 1 ಡೆಸಿಬಲ್ ಕಳೆದುಕೊಳ್ಳುತ್ತದೆ. ಹತ್ತು ಮೀಟರ್ ಕೇಬಲ್ ಎಳೆದರೆ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ಆಂಟೆನಾವನ್ನು ಮುಟ್ಟುವ ಮೊದಲೇ ಶಾಖವಾಗಿ ಹೋಗಿರುತ್ತದೆ. ದುಬಾರಿ ಆಂಟೆನಾ ಕೊಂಡು ಅಗ್ಗದ ಉದ್ದ ಕೇಬಲಿಗೆ ಜೋಡಿಸುವುದು ತೂತುಬಿದ್ದ ಕೊಡದಲ್ಲಿ ನೀರು ಹೊತ್ತಂತೆ. ಹೀಗಾಗಿ ಈಚಿನ ಹೊರಾಂಗಣ ಉಪಕರಣಗಳಲ್ಲಿ ರೇಡಿಯೊವನ್ನು ಆಂಟೆನಾದ ಬೆನ್ನಿಗೇ ಕೂರಿಸಿ, ಕೆಳಗಿನಿಂದ ಈಥರ್ನೆಟ್ ಕೇಬಲಿನ ಮೂಲಕ ದತ್ತಾಂಶ ಮತ್ತು ವಿದ್ಯುತ್ ಎರಡನ್ನೂ ಒದಗಿಸುತ್ತಾರೆ.

ಕೊಂಡಿಯ ಲೆಕ್ಕ

ಒಂದು ಕೊಂಡಿ ಕೆಲಸ ಮಾಡುವುದೋ ಇಲ್ಲವೋ ಎಂಬುದನ್ನು ಉಪಕರಣ ಕೊಳ್ಳುವ ಮೊದಲೇ ಕಾಗದದ ಮೇಲೆ ಲೆಕ್ಕಹಾಕಬಹುದು. ಕಳುಹಿಸುವ ಶಕ್ತಿಗೆ ಎರಡೂ ತುದಿಗಳ ಗಳಿಕೆಯನ್ನು ಕೂಡಿಸಿ, ದಾರಿಯ ನಷ್ಟವನ್ನು ಕಳೆದರೆ ತಲುಪುವ ಶಕ್ತಿ ದೊರೆಯುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ತೆರೆದ ಬಯಲಿನ 1 ಕಿಲೋಮೀಟರ್ ದಾರಿಯ ನಷ್ಟ 100 ಡೆಸಿಬಲ್. ದೂರ ಹತ್ತು ಪಟ್ಟಾದಂತೆಲ್ಲ ಇದಕ್ಕೆ 20 ಸೇರುತ್ತದೆ. ಹೀಗೆ 10 ಕಿಲೋಮೀಟರಿಗೆ 120 ಡೆಸಿಬಲ್.

ಎರಡು ಹಳ್ಳಿಗಳ ನಡುವೆ 10 ಕಿಲೋಮೀಟರ್ ಅಂತರವಿದ್ದು, 100 ಮಿಲಿವಾಟ್ ಅಂದರೆ 20 ಡಿಬಿಎಂ ಶಕ್ತಿಯ ರೇಡಿಯೊಗಳಿವೆ ಎಂದು ಭಾವಿಸಬಹುದು. ರೌಟರಿನೊಡನೆ ಬರುವ 2 ಡಿಬಿಐ ಕಡ್ಡಿಗಳನ್ನೇ ಬಳಸಿದರೆ ತಲುಪುವ ಸಂಕೇತ 20+2+2−120, ಅಂದರೆ −96 ಡಿಬಿಎಂ. ಇದು ಗ್ರಾಹಕದ ಸ್ವಂತ ಗದ್ದಲದ ಮಟ್ಟ. ಸಂಕೇತ ಅದರಲ್ಲಿ ಮುಳುಗಿಹೋಗುತ್ತದೆ. ಎರಡೂ ತುದಿಗಳಲ್ಲಿ 24 ಡಿಬಿಐ ಗಳಿಕೆಯ ಜಾಲರಿ ತಟ್ಟೆಗಳನ್ನು ನಿಲ್ಲಿಸಿದರೆ ಸಂಕೇತ −52 ಡಿಬಿಎಂ ಆಗುತ್ತದೆ. ರೇಡಿಯೊ ಬದಲಾಗಿಲ್ಲ, ವಿದ್ಯುತ್ ಬಳಕೆ ಹೆಚ್ಚಿಲ್ಲ. ತಲುಪಿದ ಶಕ್ತಿ ಮಾತ್ರ ಇಪ್ಪತ್ತೈದು ಸಾವಿರ ಪಟ್ಟು ಹೆಚ್ಚಿದೆ.

ಆದರೆ ಇಲ್ಲಿ ಕಾನೂನಿನ ಮಿತಿಯೊಂದಿದೆ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿ ಇಲ್ಲದೆ ಬಳಸುವವರು, ರೇಡಿಯೊ ಶಕ್ತಿ ಮತ್ತು ಆಂಟೆನಾ ಗಳಿಕೆ ಎರಡೂ ಸೇರಿ 4 ವಾಟ್, ಅಂದರೆ 36 ಡಿಬಿಎಂ ಮೀರುವಂತಿಲ್ಲ. ಮೇಲಿನ ಉದಾಹರಣೆಯಲ್ಲಿ ಇದು 44 ಆಗಿದೆ. ಪರಿಹಾರ ಸುಲಭ: ರೇಡಿಯೊದ ಶಕ್ತಿಯನ್ನು 12 ಡಿಬಿಎಂಗೆ, ಸುಮಾರು 16 ಮಿಲಿವಾಟಿಗೆ ಇಳಿಸಬೇಕು. ಆಗ ತಲುಪುವ ಸಂಕೇತ −60 ಡಿಬಿಎಂ. ಕಳುಹಿಸುವ ಕಡೆಯ ಗಳಿಕೆಗೆ ಕಾನೂನು ಮಿತಿ ಹಾಕುತ್ತದೆ, ಗ್ರಹಿಸುವ ಕಡೆಯ ಗಳಿಕೆಗೆ ಹಾಕುವುದಿಲ್ಲ. ರೇಡಿಯೊದ ಶಕ್ತಿಯನ್ನು ಹೆಚ್ಚಿಸುವುದಕ್ಕಿಂತ ಆಂಟೆನಾದ ಗಳಿಕೆಯನ್ನು ಹೆಚ್ಚಿಸುವುದು ಮೇಲೆನ್ನಲು ಇದೇ ಮುಖ್ಯ ಕಾರಣ. ಶಕ್ತಿ ಹೆಚ್ಚಿಸಿದವರು ದೂರಕ್ಕೆ ಕೂಗಬಲ್ಲರು, ಆದರೆ ದೂರದಿಂದ ಬಂದ ಉತ್ತರ ಅವರಿಗೆ ಕೇಳಿಸದು.

ಆವೃತ್ತಿ ಹೆಚ್ಚಿದಂತೆ ಸಂಕೇತ ಕಡಿಮೆ ದೂರ ಹೋಗುತ್ತದೆ ಎಂಬ ಸಾಮಾನ್ಯ ನಂಬಿಕೆಯನ್ನೂ ಈ ಲೆಕ್ಕ ತಿದ್ದುತ್ತದೆ. 5.8 ಗಿಗಾಹರ್ಟ್ಸ್‌ನಲ್ಲಿ ಬಯಲಿನ ನಷ್ಟ 2.4ಕ್ಕಿಂತ ಸುಮಾರು 7.7 ಡೆಸಿಬಲ್ ಹೆಚ್ಚು. ಆದರೆ ಒಂದೇ ಅಳತೆಯ ತಟ್ಟೆಗಳನ್ನು ಬಳಸಿದರೆ ಎರಡೂ ತುದಿಗಳಲ್ಲಿ ಗಳಿಕೆ ಅಷ್ಟಷ್ಟೇ ಏರುವುದರಿಂದ ಒಟ್ಟಿನಲ್ಲಿ ಲಾಭವೇ ಉಳಿಯುತ್ತದೆ. ಗೋಡೆ, ಮರ, ಎಲೆಗಳು ಅಡ್ಡ ಬಂದಾಗ ಮಾತ್ರ ಹಳೆಯ ನಂಬಿಕೆ ನಿಜವಾಗುತ್ತದೆ.

ವೇಗದ ಮೇಲಿನ ಪರಿಣಾಮ

ಸಂಕೇತದ ಬಲ ಕೇವಲ ಸಂಪರ್ಕ ಇದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದಿಲ್ಲ. ವೈ-ಫೈ ರೇಡಿಯೊ ತನಗೆ ಸಿಗುವ ಸಂಕೇತದ ಸ್ಪಷ್ಟತೆಗೆ ತಕ್ಕಂತೆ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತದೆ, ಇಳಿಸುತ್ತದೆ. 802.11ಎನ್ ಮಾನಕದಂತೆ 20 ಮೆಗಾಹರ್ಟ್ಸ್ ಅಗಲದ ವಾಹಿನಿಯಲ್ಲಿ ಒಂದೇ ಹರಿವಿನ ಅತಿ ಕಡಿಮೆ ವೇಗ ಸೆಕೆಂಡಿಗೆ 6.5 ಮೆಗಾಬಿಟ್, ಇದಕ್ಕೆ ಗ್ರಾಹಕ ಕನಿಷ್ಠಪಕ್ಷ −82 ಡಿಬಿಎಂ ಸಂಕೇತವನ್ನು ಓದಬಲ್ಲದಾಗಿರಬೇಕು. 65 ಮೆಗಾಬಿಟ್ ವೇಗಕ್ಕೆ ಬೇಕಾದುದು −64 ಡಿಬಿಎಂ. ನಡುವಿನ ಅಂತರ 18 ಡೆಸಿಬಲ್. ಧ್ರುವೀಕರಣದ ತಪ್ಪೊಂದೇ ಈ ಅಂತರವನ್ನು ನುಂಗಿಹಾಕಬಲ್ಲದು. ಮೇಲಿನ 10 ಕಿಲೋಮೀಟರ್ ಕೊಂಡಿಯ −60 ಡಿಬಿಎಂ ಗರಿಷ್ಠ ವೇಗಕ್ಕೆ ಸಾಲುತ್ತದೆಯಾದರೂ ಉಳಿಕೆ 4 ಡೆಸಿಬಲ್ ಮಾತ್ರ. ಗಾಳಿಗೆ ಕಂಬ ವಾಲುವುದು, ಹವೆ ಬದಲಾಗುವುದು ಇವನ್ನೆಲ್ಲ ತಾಳಿಕೊಳ್ಳಲು ಯೋಜಕರು ಸಾಮಾನ್ಯವಾಗಿ 10ರಿಂದ 20 ಡೆಸಿಬಲ್ ಉಳಿಕೆ ಇಟ್ಟುಕೊಂಡು, ಅದಕ್ಕೆ ತಕ್ಕ ಕಡಿಮೆ ವೇಗಕ್ಕೆ ಒಪ್ಪಿಕೊಳ್ಳುತ್ತಾರೆ.

ಒಬ್ಬ ಬಳಕೆದಾರನ ದುರ್ಬಲ ಆಂಟೆನಾ ಉಳಿದವರನ್ನೂ ಬಾಧಿಸುತ್ತದೆ. ಒಂದೇ ವಾಹಿನಿಯನ್ನು ಎಲ್ಲರೂ ಸರದಿಯಂತೆ ಬಳಸುವುದರಿಂದ, 6.5 ಮೆಗಾಬಿಟ್ ವೇಗದಲ್ಲಿರುವ ಸಾಧನವು ಅಷ್ಟೇ ದತ್ತಾಂಶ ಕಳುಹಿಸಲು 65 ಮೆಗಾಬಿಟ್ ಸಾಧನಕ್ಕಿಂತ ಸುಮಾರು ಹತ್ತು ಪಟ್ಟು ಸಮಯವನ್ನು ಆಕ್ರಮಿಸುತ್ತದೆ. ತರಗತಿಯ ಮೂಲೆಯಲ್ಲಿ ಕುಳಿತ ಒಂದು ಹಳೆಯ ಲ್ಯಾಪ್‌ಟಾಪ್ ಇಡೀ ಕೊಠಡಿಯ ಜಾಲವನ್ನು ನಿಧಾನಗೊಳಿಸುವುದು ಹೀಗೆ.

ಗ್ರಾಮೀಣ ದೂರಗಾಮಿ ಕೊಂಡಿಗಳು

ಆಂಟೆನಾ ವಿನ್ಯಾಸದ ಸಾಮಾಜಿಕ ಮಹತ್ವ ಸ್ಪಷ್ಟವಾಗಿ ಕಾಣುವುದು ತಂತಿ ತಲುಪದ ಊರುಗಳಲ್ಲಿ. 2000ದ ದಶಕದ ಆರಂಭದಲ್ಲಿ ಐಐಟಿ ಕಾನ್ಪುರ ಡಿಜಿಟಲ್ ಗ್ಯಾಂಜೆಟಿಕ್ ಪ್ಲೇನ್ಸ್ ಎಂಬ ಯೋಜನೆಯಲ್ಲಿ, ಒಳಾಂಗಣ ಬಳಕೆಗೆಂದು ರೂಪಿಸಿದ ಅಗ್ಗದ ವೈ-ಫೈ ಉಪಕರಣಗಳಿಗೆ ಹೆಚ್ಚು ಗಳಿಕೆಯ ತಟ್ಟೆ ಆಂಟೆನಾಗಳನ್ನು ಜೋಡಿಸಿ ಗಂಗಾ ಬಯಲಿನ ಹಳ್ಳಿಗಳ ನಡುವೆ ಹಲವು ಕಿಲೋಮೀಟರ್ ಉದ್ದದ ಕೊಂಡಿಗಳನ್ನು ನಿರ್ಮಿಸಿತು. ತಮಿಳುನಾಡಿನ ಥೇಣಿಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರ ನೆರವಿನಿಂದ, ಸುತ್ತಲಿನ ಗ್ರಾಮಗಳ ದೃಷ್ಟಿಕೇಂದ್ರಗಳನ್ನು ಇಂತಹ ಕೊಂಡಿಗಳ ಮೂಲಕ ಜೋಡಿಸಿತು. ರೋಗಿ ತನ್ನೂರಿನ ಹತ್ತಿರದ ಕೇಂದ್ರದಲ್ಲಿಯೇ ಕುಳಿತು ಆಸ್ಪತ್ರೆಯ ವೈದ್ಯರೊಡನೆ ವೀಡಿಯೊ ಮೂಲಕ ಮಾತನಾಡುವುದು ಇದರಿಂದ ಸಾಧ್ಯವಾಯಿತು. ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಂಡು ಪಟ್ಟಣಕ್ಕೆ ಹೋಗಬೇಕಾದವರಿಗೆ ಇದು ಸಣ್ಣ ಸಂಗತಿಯಲ್ಲ.

ಇಂತಹ ಕೊಂಡಿಗಳಲ್ಲಿ ಆಂಟೆನಾಗಳು ಒಂದನ್ನೊಂದು ನೋಡುವಂತಿದ್ದರೆ ಸಾಲದು. ಅವುಗಳ ನಡುವೆ ಕದಿರಿನಾಕಾರದ, ಫ್ರೆನೆಲ್ ವಲಯವೆಂಬ ಪ್ರದೇಶವೂ ಬಹುಪಾಲು ತೆರವಾಗಿರಬೇಕು. 10 ಕಿಲೋಮೀಟರಿನ 2.4 ಗಿಗಾಹರ್ಟ್ಸ್ ಕೊಂಡಿಯ ನಟ್ಟನಡುವೆ ಈ ವಲಯದ ತ್ರಿಜ್ಯ ಸುಮಾರು 18 ಮೀಟರ್. ಅದರ 60 ಶೇಕಡವಾದರೂ, ಅಂದರೆ 11 ಮೀಟರಿನಷ್ಟು, ಅಡೆತಡೆಯಿಲ್ಲದೆ ಇರಬೇಕೆಂಬುದು ರೂಢಿಯ ನಿಯಮ. ಮರದ ತುದಿಗಳ ಮೇಲೆ ಇಷ್ಟು ಅಂತರ ಬೇಕೆಂದಾಗ ಗೋಪುರ ಎತ್ತರವಾಗಲೇಬೇಕು. ರೇಡಿಯೊ ಮತ್ತು ಆಂಟೆನಾಗಳು ಅಗ್ಗವಾದರೂ ಗೋಪುರ ಅಗ್ಗವಾಗುವುದಿಲ್ಲ. ಕೊಂಡಿಯ ಖರ್ಚಿನಲ್ಲಿ ದೊಡ್ಡ ಪಾಲು ಅದರದೇ. ಮಲೆನಾಡಿನಂತಹ ಕಡೆ ಎತ್ತರದ ಅಡಿಕೆ ತೋಟಗಳೂ ಮಳೆಗಾಲದ ತೊಯ್ದ ಎಲೆಗಳೂ ಈ ಲೆಕ್ಕವನ್ನು ಇನ್ನಷ್ಟು ಬಿಗಿಯಾಗಿಸುತ್ತವೆ, ಆದರೆ ಅಲ್ಲಿನ ಗುಡ್ಡಗಳು ಕೆಲವೊಮ್ಮೆ ಗೋಪುರದ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತವೆ.

ಆಂಟೆನಾ ಎಷ್ಟೇ ಉತ್ತಮವಾದರೂ ಅದರಿಂದ ಬಗೆಹರಿಯದ ಸಮಸ್ಯೆಗಳೂ ಇವೆ. ವೈ-ಫೈ ನಿಯಮಾವಳಿ ರೂಪುಗೊಂಡದ್ದು ಹತ್ತಿರದ ಸಾಧನಗಳಿಗೆ. ಪ್ರತಿ ಸಂದೇಶಕ್ಕೂ ಅದು ಮರುಕ್ಷಣವೇ ಸ್ವೀಕೃತಿಯನ್ನು ನಿರೀಕ್ಷಿಸುತ್ತದೆ. 10 ಕಿಲೋಮೀಟರ್ ಹೋಗಿಬರಲು ತರಂಗಕ್ಕೆ ಸುಮಾರು 67 ಮೈಕ್ರೋಸೆಕೆಂಡ್ ಬೇಕು. ಅಷ್ಟರಲ್ಲಿ ರೇಡಿಯೊ ಸಂದೇಶ ಕಳೆದುಹೋಯಿತೆಂದು ತಿಳಿದು ಅದನ್ನೇ ಮತ್ತೆ ಕಳುಹಿಸಲಾರಂಭಿಸಬಹುದು. ಜೊತೆಗೆ ದಿಕ್ಕುಳ್ಳ ಆಂಟೆನಾಗಳು ಪಕ್ಕದ ಕೊಂಡಿಗಳ ಮಾತನ್ನು ಕೇಳಿಸಿಕೊಳ್ಳದೆ ಅಡ್ಡ ಮಾತನಾಡುತ್ತವೆ. ಕಾನ್ಪುರ ಮತ್ತು ಬರ್ಕ್ಲಿಯ ಸಂಶೋಧಕರು ಇದಕ್ಕಾಗಿ, ಸರದಿಯ ಸಮಯವನ್ನು ಮೊದಲೇ ಗೊತ್ತುಮಾಡುವ ಹೊಸ ನಿಯಮಾವಳಿಗಳನ್ನು ರೂಪಿಸಿದರು. 2007ರಲ್ಲಿ ವೆನಿಜುವೆಲಾದಲ್ಲಿ ಎರ್ಮಾನೊ ಪಿಯೆಟ್ರೊಸೆಮೊಲಿ ಅವರ ತಂಡ ಎರಡು ಪರ್ವತಗಳ ನಡುವೆ 382 ಕಿಲೋಮೀಟರ್ ಉದ್ದದ ವೈ-ಫೈ ಕೊಂಡಿಯನ್ನು ಸಾಧಿಸಿದಾಗ, ದೊಡ್ಡ ತಟ್ಟೆಗಳಷ್ಟೇ ಅಲ್ಲ, ಬರ್ಕ್ಲಿಯ ಈ ತಂತ್ರಾಂಶವೂ ಸೇರಿದ ಮೇಲೆಯೇ ಪ್ರತಿ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 3 ಮೆಗಾಬಿಟ್ ವೇಗ ದೊರೆಯಿತು.

ಬಹು ಆಂಟೆನಾ ವ್ಯವಸ್ಥೆಗಳು

ಗೋಡೆಗಳಿಗೆ ಬಡಿದು ಹಲವು ದಾರಿಗಳಲ್ಲಿ ಬರುವ ಪ್ರತಿಫಲನಗಳನ್ನು ಬಹುಕಾಲ ತೊಂದರೆಯೆಂದೇ ಪರಿಗಣಿಸಲಾಗಿತ್ತು. ಎರಡೂ ತುದಿಗಳಲ್ಲಿ ಹಲವು ಆಂಟೆನಾಗಳನ್ನಿಟ್ಟರೆ ಈ ಬೇರೆಬೇರೆ ದಾರಿಗಳನ್ನೇ ಬಳಸಿಕೊಂಡು ಒಂದೇ ಆವೃತ್ತಿಯಲ್ಲಿ ಹಲವು ದತ್ತಾಂಶ ಹರಿವುಗಳನ್ನು ಒಟ್ಟಿಗೆ ಕಳುಹಿಸಬಹುದೆಂಬ ಕಲ್ಪನೆಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆರೋಗ್ಯಸ್ವಾಮಿ ಪೌಲ್‌ರಾಜ್ ಮತ್ತು ಥಾಮಸ್ ಕೈಲಾತ್ ಅವರಿಗೆ 1994ರಲ್ಲಿ ಪೇಟೆಂಟ್ ದೊರೆಯಿತು. ಪೌಲ್‌ರಾಜ್ ಅದಕ್ಕೆ ಮುನ್ನ ಭಾರತೀಯ ನೌಕಾಪಡೆಯಲ್ಲಿದ್ದವರು. ಬೆಂಗಳೂರಿನ ಕೃತಕ ಬುದ್ಧಿಮತ್ತೆ ಮತ್ತು ರೊಬಾಟಿಕ್ಸ್ ಕೇಂದ್ರದ ಸ್ಥಾಪಕ ನಿರ್ದೇಶಕರು. 2014ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಸಂದಿತು. ಮೈಮೊ ಎಂದು ಕರೆಯುವ ಈ ತಂತ್ರ 2009ರ 802.11ಎನ್ ಮಾನಕದ ಮೂಲಕ ವೈ-ಫೈಗೆ ಬಂದಿತು. ನಾಲ್ಕು ಹರಿವುಗಳಲ್ಲಿ ಅದರ ಗರಿಷ್ಠ ವೇಗ 600 ಮೆಗಾಬಿಟ್.

ಇಲ್ಲಿ ಆಂಟೆನಾ ವಿನ್ಯಾಸದ ಗುರಿಯೇ ಬದಲಾಗುತ್ತದೆ. ಪ್ರತಿ ಆಂಟೆನಾ ಬಲವಾದ ಸಂಕೇತ ಪಡೆದರೆ ಸಾಲದು, ಪಕ್ಕದ ಆಂಟೆನಾಗಿಂತ ಭಿನ್ನವಾದ ಸಂಕೇತ ಪಡೆಯಬೇಕು. ಅವುಗಳ ನಡುವೆ ಅರ್ಧ ತರಂಗದೂರದಷ್ಟಾದರೂ ಅಂತರವಿರಬೇಕು, ಇಲ್ಲವೆ ಧ್ರುವೀಕರಣ ಬೇರೆಯಾಗಿರಬೇಕು. ಹರಿವುಗಳ ಸಂಖ್ಯೆ ಎರಡು ತುದಿಗಳಲ್ಲಿ ಕಡಿಮೆ ಆಂಟೆನಾಗಳಿರುವ ತುದಿಯ ಸಂಖ್ಯೆಯನ್ನು ಮೀರಲಾರದು. ಎಂಟು ಕಡ್ಡಿಗಳ ರೌಟರ್ ಕೊಂಡವರ ಫೋನಿನಲ್ಲಿ ಎರಡೇ ಆಂಟೆನಾಗಳಿದ್ದರೆ ಆ ಫೋನಿಗೆ ಸಿಗುವುದು ಎರಡೇ ಹರಿವು. ಉಳಿದ ಕಡ್ಡಿಗಳು ಕಿರಣಪುಂಜವನ್ನು ಆ ಫೋನಿನತ್ತ ತಿರುಗಿಸಲು ನೆರವಾಗಬಹುದು.

ಘಟಕಗಳಿಗೆ ಕೊಡುವ ಸಂಕೇತಗಳ ಹಂತವನ್ನು ಹೊಂದಿಸಿ, ಆಂಟೆನಾವನ್ನು ಅಲುಗಿಸದೆಯೇ ಕಿರಣಪುಂಜವನ್ನು ಬೇಕಾದತ್ತ ತಿರುಗಿಸುವ ಈ ಉಪಾಯ 5ಜಿ ಜಾಲಗಳ ಆಧಾರ. 64 ಘಟಕಗಳ ವ್ಯೂಹ ಒಂದೇ ಘಟಕಕ್ಕಿಂತ 18 ಡೆಸಿಬಲ್ ಹೆಚ್ಚು ಗಳಿಕೆ ಕೊಡಬಲ್ಲದು. ಭಾರತದಲ್ಲಿ 5ಜಿ ಸೇವೆಗೆ 2022ರ ಅಕ್ಟೋಬರ್ 1ರಂದು ಚಾಲನೆ ದೊರೆಯಿತು. 26 ಗಿಗಾಹರ್ಟ್ಸ್‌ನ ಪಟ್ಟಿಯಲ್ಲಿ ತರಂಗದೂರ ಸುಮಾರು 11.5 ಮಿಲಿಮೀಟರ್, ಅಂಗೈಯಗಲದಲ್ಲಿ ನೂರಾರು ಘಟಕಗಳನ್ನು ಹಿಡಿಸಬಹುದು. ಆದರೆ ಈ ತರಂಗಗಳನ್ನು ಅಂಗೈಯೇ ತಡೆದುಬಿಡುತ್ತದೆ.

ಮೊಬೈಲ್ ಫೋನಿನ ಆಂಟೆನಾ

ಜಾಲದ ಅತ್ಯಂತ ದುರ್ಬಲ ಕೊನೆಯೆಂದರೆ ಫೋನು. 4ಜಿ ಫೋನಿನ ಸಾಮಾನ್ಯ ಗರಿಷ್ಠ ಶಕ್ತಿ 23 ಡಿಬಿಎಂ, ಅಂದರೆ 200 ಮಿಲಿವಾಟ್. ಗೋಪುರದ ರೇಡಿಯೊ ಹತ್ತಾರು ವಾಟ್ ಕಳುಹಿಸಬಲ್ಲದು. ಫೋನಿನ ಶಕ್ತಿಯನ್ನು ಹೆಚ್ಚಿಸಲು ಬ್ಯಾಟರಿ ಮಾತ್ರವಲ್ಲ, ದೇಹ ಹೀರಿಕೊಳ್ಳುವ ವಿಕಿರಣದ ಮಿತಿಯೂ ಅಡ್ಡಬರುತ್ತದೆ. ಭಾರತದಲ್ಲಿ 2012ರಿಂದ ಈ ಮಿತಿ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗ್ರಾಂಗೆ 1.6 ವಾಟ್. ಹೀಗಾಗಿ ಫೋನಿನ ಕ್ಷೀಣ ಧ್ವನಿಯನ್ನು ಕೇಳಿಸಿಕೊಳ್ಳುವ ಹೊಣೆ ಗೋಪುರದ ಆಂಟೆನಾದ ಗಳಿಕೆಯ ಮೇಲೆ ಬೀಳುತ್ತದೆ.

ಹಿಡಿದ ಕೈಯೂ ಆಂಟೆನಾದ ಗುಣವನ್ನು ಬದಲಿಸುತ್ತದೆ. 2010ರಲ್ಲಿ ಬಿಡುಗಡೆಯಾದ ಐಫೋನ್ 4ರಲ್ಲಿ ಹೊರ ಅಂಚಿನ ಉಕ್ಕಿನ ಪಟ್ಟಿಯೇ ಆಂಟೆನಾ ಆಗಿತ್ತು. ಕೆಳಗಿನ ಎಡಮೂಲೆಯ ಸಣ್ಣ ಸೀಳನ್ನು ಅಂಗೈ ಮುಚ್ಚಿದಾಗ ಸಂಕೇತ ಕುಸಿಯುತ್ತಿತ್ತು. ಆ ಜುಲೈನಲ್ಲಿ ಆಪಲ್ ಕಂಪನಿ ಕೊಂಡವರಿಗೆ ಉಚಿತ ಹೊದಿಕೆಗಳನ್ನು ಕೊಡಲು ಮುಂದಾಯಿತು. ಈಚಿನ ಫೋನುಗಳು ಹಲವು ಆಂಟೆನಾಗಳನ್ನು ಬೇರೆಬೇರೆ ಅಂಚುಗಳಲ್ಲಿಟ್ಟು, ಕೈ ಮುಚ್ಚದಿರುವುದನ್ನು ಆರಿಸಿಕೊಳ್ಳುತ್ತವೆ.

ಮನೆಯ ರೌಟರ್

ಮನೆಯಲ್ಲಿ ರೌಟರಿನ ಜಾಗವೂ ಆಂಟೆನಾ ವಿನ್ಯಾಸದ ಭಾಗವೇ. ಕಬ್ಬಿಣದ ಬೀರು, ಫ್ರಿಜ್, ನೀರಿನ ತೊಟ್ಟಿ, ಕನ್ನಡಿ ಇವುಗಳ ಹಿಂದೆ ಇಟ್ಟ ರೌಟರಿನ ಸಂಕೇತ ಅಲ್ಲಿಯೇ ತಡೆಯುತ್ತದೆ. ಒಂದೇ ಅಂತಸ್ತಿನ ಮನೆಗೆ ಕಡ್ಡಿಗಳು ನೆಟ್ಟಗಿರುವುದು ಸೂಕ್ತ. ಮೇಲಿನ ಅಂತಸ್ತಿಗೂ ಸಂಕೇತ ಬೇಕಾದರೆ ಒಂದನ್ನಾದರೂ ಅಡ್ಡ ಮಲಗಿಸಬೇಕು. ಕಡ್ಡಿಯನ್ನು ಮೇಲಿನ ಕೋಣೆಯತ್ತ ಗುರಿಮಾಡಿ ನಿಲ್ಲಿಸುವುದು ಸಹಜವೆನಿಸಿದರೂ ತಪ್ಪು. ಚಾವಣಿಗೆ ಹಾಕುವ ತಟ್ಟೆಯಾಕಾರದ ಉಪಕರಣಗಳ ಒಳ ಆಂಟೆನಾಗಳು ಕೆಳಮುಖವಾಗಿ ಹರಡುವಂತೆ ರಚಿತವಾಗಿರುತ್ತವೆ. ಅವನ್ನು ಗೋಡೆಗೆ ಹಾಕಿದರೆ ಶಕ್ತಿಯ ಒಂದು ಭಾಗ ಬೇಡದ ದಿಕ್ಕಿಗೆ ಹೋಗಬಹುದು.

ಬದಲಾವಣೆಯ ಫಲವನ್ನು ಫೋನಿನ ಪರದೆಯ ಪಟ್ಟಿಗಳನ್ನು ಎಣಿಸಿ ಅಳೆಯಲಾಗದು, ಏಕೆಂದರೆ ಒಂದು ಪಟ್ಟಿ ಎಂದರೆ ಎಷ್ಟು ಎಂಬುದನ್ನು ಪ್ರತಿ ತಯಾರಕರೂ ತಮಗೆ ತೋಚಿದಂತೆ ಗೊತ್ತುಮಾಡಿಕೊಂಡಿದ್ದಾರೆ. ಡಿಬಿಎಂ ಮೌಲ್ಯ ತೋರಿಸುವ ಉಚಿತ ಆ್ಯಪ್‌ಗಳು ಇದಕ್ಕೆ ಸಾಕು. ಪ್ರತಿಫಲನಗಳ ಕಾರಣ ಕೋಣೆಯೊಳಗೆ ಕೆಲವೇ ಸೆಂಟಿಮೀಟರ್ ಸರಿದರೂ ಸಂಕೇತ ಹತ್ತು ಡೆಸಿಬಲ್ ಏರಿಳಿಯಬಹುದು. ಹೀಗಾಗಿ ಒಂದು ಕೋಣೆಯ ಐದಾರು ಕಡೆ ಅಳೆದು ಸರಾಸರಿ ತೆಗೆಯುವುದು ವಾಡಿಕೆ.